ಹೋಗು ಎನ್ನುವ ಮೊದಲು

ಅಮೆರಿಕದಲ್ಲಿ ಎಚ್-1ಬಿ ವೀಸಾದ ಮೇಲಿರುವವರ ಕೆಲಸ ಹೋದರೆ ಕೈಯಲ್ಲಿ ಉಳಿಯುವುದು ಹೆಚ್ಚೆಂದರೆ 60 ದಿನ. ಅಷ್ಟರೊಳಗೆ ಬೇರೆ ದಾರಿ ಕಾಣದಿದ್ದರೆ ಊರಿಗೆ ಹೊರಡಬೇಕು. ಮಗಳೋ ಅಳಿಯನೋ ಅಲ್ಲಿರುವ ನಮ್ಮ ಮನೆಗಳಲ್ಲಿ ಈ ಲೆಕ್ಕ ಎಲ್ಲರಿಗೂ ಬಾಯಿಪಾಠ. ನಮ್ಮಲ್ಲಿಗೆ ಬಂದವರ ಗತಿಯೇನು ಎಂದು ಮಾತ್ರ ನಾವು ಕೇಳುವುದು ಕಡಿಮೆ.

2020ರ ಫೆಬ್ರವರಿಯಲ್ಲಿ ಕೋಲ್ಕತ್ತದ ಜಾದವ್‌ಪುರ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಪೋಲೆಂಡಿನ ವಿದ್ಯಾರ್ಥಿಯೊಬ್ಬನಿಗೆ ವಿದೇಶಿಯರ ನೋಂದಣಿ ಕಚೇರಿಯಿಂದ ದೇಶ ಬಿಡುವಂತೆ ನೋಟಿಸು ಬಂತು. ಅವನ ವೀಸಾ ಅವಧಿ ಮುಗಿದಿರಲಿಲ್ಲ. ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ ನಗರದಲ್ಲಿ ನಡೆದ ಸಭೆಗೆ ಹೋಗಿದ್ದ ಎಂಬುದು ಅವನ ಮೇಲಿದ್ದ ದೂರು. ಮಾರ್ಚಿನಲ್ಲಿ ಕಲ್ಕತ್ತಾ ಹೈಕೋರ್ಟು ಆ ನೋಟಿಸನ್ನು ರದ್ದುಮಾಡಿತು. ಸಂವಿಧಾನದ 19ನೇ ವಿಧಿ ನಾಗರಿಕರಿಗಷ್ಟೇ ಸೇರಿದ್ದು, ನಿಜ. ಆದರೆ 21ನೇ ವಿಧಿ ಕೊಡುವ ಜೀವ ಮತ್ತು ಸ್ವಾತಂತ್ರ್ಯದ ರಕ್ಷಣೆ ಈ ನೆಲದ ಮೇಲಿರುವ ಪ್ರತಿಯೊಬ್ಬರಿಗೂ ಉಂಟು.

2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ಹೊಸ ಕಾಯ್ದೆಯಂತೆ ವೀಸಾ ಅವಧಿ ಮೀರಿ ಉಳಿದರೆ 3 ವರ್ಷದವರೆಗೆ ಜೈಲು, 3 ಲಕ್ಷ ರೂಪಾಯಿವರೆಗೆ ದಂಡ. ನಿಯಮ ಬಿಗಿಯಾಗಿರಲಿ, ತಕರಾರಿಲ್ಲ. ಹೋಗು ಎನ್ನುವ ಮೊದಲು ಕಾರಣ ಹೇಳಬೇಕು, ಎದುರಿಗಿರುವವನ ಮಾತು ಕೇಳಬೇಕು, ಅಷ್ಟೆ. ಆ ವಿದ್ಯಾರ್ಥಿ ಕೋರ್ಟಿನ ಮೆಟ್ಟಿಲು ಹತ್ತಿದ. ಹತ್ತಲಾಗದವರು ಸುಮ್ಮನೆ ಪೆಟ್ಟಿಗೆ ಕಟ್ಟುತ್ತಾರೆ. ಪರದೇಶದ ಕಚೇರಿಯಲ್ಲಿ ನಮ್ಮ ಮಕ್ಕಳಿಗೆ ಸಿಗಲಿ ಎಂದು ಬಯಸುವ ನ್ಯಾಯವನ್ನು ಇಲ್ಲಿ ಪರರ ಮಕ್ಕಳಿಗೆ ಕೊಡಲು ನಾವು ಹಿಂಜರಿಯಬಾರದು.