ಮಗುವನ್ನು ಶಾಲೆಗೆ ಬಿಡುವ ಕೆಲಸ ನಮ್ಮದಾಗಿಯೇ ಇರಲಿ

ಜೂನ್ ತಿಂಗಳು ಬಂತೆಂದರೆ ನಮ್ಮ ಕಾಸರಗೋಡು ಕಡೆಯ ಕೃಷಿಕ ಮನೆಗಳಲ್ಲಿ ಎರಡು ಕೆಲಸಗಳು ಒಟ್ಟಿಗೆ ಬಂದು ಕೂರುತ್ತವೆ. ಅಡಿಕೆಗೆ ಕೊಳೆರೋಗ ಬಾರದಂತೆ ಮೈಲುತುತ್ತು, ಸುಣ್ಣದ ಮದ್ದು ಬಿಡುವುದು ಒಂದು. ಮಕ್ಕಳನ್ನು ಶಾಲೆಗೆ ಹೊರಡಿಸುವುದು ಇನ್ನೊಂದು. ಎರಡನೆಯದು ಕೃಷಿಯೂ ಅಲ್ಲ, ಆರೋಗ್ಯವೂ ಅಲ್ಲ, ಈ ಅಂಕಣದಲ್ಲಿ ಅದಕ್ಕೇನು ಜಾಗ ಎಂದು ಓದುಗರು ಕೇಳಬಹುದು. ಆದರೆ ಮೊದಲನೆಯ ಕೆಲಸದಲ್ಲಿ ಕಾಲಿನ ಬಲ ಕಳೆದುಕೊಂಡವರು ಎರಡನೆಯದನ್ನು ಹೇಗೆ ಮಾಡಬೇಕು ಎಂಬುದು ಕೃಷಿಗೂ ಆರೋಗ್ಯಕ್ಕೂ ಸೇರಿದ ವಿಷಯವೇ ಆಗಿದೆ.

ನಾವು ಗಂಡ ಹೆಂಡತಿ ಕೂಡಿ ಇದನ್ನು ಬರೆಯುತ್ತಿದ್ದೇವೆ. ನಮ್ಮಲ್ಲಿ ಒಬ್ಬರು 2016ರ ಆಗಸ್ಟಿನಲ್ಲಿ ಎರಡನೆಯ ಸುತ್ತಿನ ಮದ್ದು ಬಿಡುವಾಗ ತಳೆ ಜಾರಿ ಅಡಿಕೆ ಮರದಿಂದ ಬಿದ್ದವರು. ಬೆನ್ನೆಲುಬಿಗೆ ಪೆಟ್ಟಾಗಿ ಎಡಗಾಲಿನ ಬಲ ಪೂರ್ತಿ ಹೋಯಿತು, ಬಲಗಾಲಿನಲ್ಲಿ ಅರ್ಧ ಉಳಿಯಿತು. ಈಗ ಕ್ಯಾಲಿಪರ್ ಕಟ್ಟಿಕೊಂಡು ಎರಡು ಊರುಗೋಲುಗಳ ಮೇಲೆ ನಡೆಯುವುದು. ಇನ್ನೊಬ್ಬರು ಹಟ್ಟಿ, ಸೊಸೈಟಿಗೆ ಹಾಲು, ಮತ್ತೆ ತೋಟದ ಕೆಲಸ ಎಂದು ಬೆಳಗಿನಿಂದ ಓಡುವವರು. ಹಾಗಾಗಿ ನಾಲ್ಕನೆಯ ತರಗತಿಯ ಮಗಳನ್ನು ಶಾಲೆಗೆ ಬಿಡುವುದೂ ಸಂಜೆ ಕರೆತರುವುದೂ ಬಿದ್ದವರ ಪಾಲಿನ ಕೆಲಸ.

ಐದನೆಯ ತರಗತಿ ವರೆಗಿನ ಮಗುವಿಗೆ ಒಂದು ಕಿಲೋಮೀಟರಿನೊಳಗೆ ಶಾಲೆ ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ ಕೇಂದ್ರ ಮಾದರಿ ನಿಯಮಗಳು ಹೇಳುತ್ತವೆ. ನಮಗೂ ಒಂದು ಕಿಲೋಮೀಟರಿನೊಳಗೆ ಶಾಲೆ ಇದೆ, ಆದರೆ ಅದು ಮಲಯಾಳ ಮಾಧ್ಯಮದ್ದು. ಕನ್ನಡದಲ್ಲಿ ಕಲಿಸಬೇಕಾದರೆ ಎರಡೂವರೆ ಕಿಲೋಮೀಟರ್ ಹೋಗಬೇಕು. ಗಡಿನಾಡಿನ ಮನೆಗಳಿಗೆ ಈ ದೂರ ಹೊಸತಲ್ಲ. ಕಾಲು ಗಟ್ಟಿ ಇರುವವರಿಗೆ ಅದು ಅರ್ಧ ಗಂಟೆಯ ನಡಿಗೆ. ಊರುಗೋಲಿನವರಿಗೆ ರಸ್ತೆ ಮುಟ್ಟುವುದೇ ಅರ್ಧ ಗಂಟೆ. ಮನೆಯಂಗಳದಿಂದ ಮುರಕಲ್ಲಿನ ಮೆಟ್ಟಲು, ಆಮೇಲೆ ತೋಡಿಗೆ ಅಡ್ಡ ಹಾಕಿದ ಅಡಿಕೆ ಮರದ ಸಂಕ, ಆಮೇಲೆ ಪಾಚಿ ಹಿಡಿದ ಕಾಲುದಾರಿ. ಮಳೆಗಾಲದಲ್ಲಿ ಊರುಗೋಲು ಹಿಡಿದವರಿಗೆ ಕೊಡೆ ಹಿಡಿಯಲು ಕೈ ಇಲ್ಲ, ಮಗುವಿನ ಕೈ ಹಿಡಿಯಲೂ ಕೈ ಇಲ್ಲ.

ಇದನ್ನು ಕಂಡು ನೆರೆಕರೆಯವರು, "ನೀವು ಯಾಕೆ ಸುಮ್ಮನೆ ಕಷ್ಟಪಡುವುದು ಮಾರಾಯ್ರೆ, ನಮ್ಮ ಮಕ್ಕಳ ಒಟ್ಟಿಗೆ ಜೀಪಿನಲ್ಲಿ ಹೋಗಲಿ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ಒಂದು ವರ್ಷ ಹಾಗೆಯೇ ನಡೆಯಿತು. ಆ ಒಂದು ವರ್ಷದಲ್ಲಿ ಮಗಳ ಟೀಚರ ಮುಖ ಅವಳ ತಂದೆಗೆ ಗೊತ್ತಿರಲಿಲ್ಲ. ಅವಳ ಪಕ್ಕದಲ್ಲಿ ಯಾರು ಕೂರುತ್ತಾರೆ, ಬುತ್ತಿ ತಿನ್ನುತ್ತಾಳೋ ಇಲ್ಲವೋ, ಅದೂ ಗೊತ್ತಿರಲಿಲ್ಲ. ದಾರಿಯಲ್ಲಿ ಮಕ್ಕಳು ಹೇಳುವ ಮಾತುಗಳನ್ನು ಮನೆಗೆ ಬಂದ ಮೇಲೆ ಹೇಳುವುದಿಲ್ಲ.

ಆ ವರ್ಷದ ಕೊನೆಗೆ ಹೆತ್ತವರ ಸಭೆಗೆ ಕರೆ ಬಂತು. ಸಭೆ ಮೇಲಿನ ಮಹಡಿಯಲ್ಲಿ. ಏರಲು ಆಗದೆ ಕೆಳಗಿನ ಜಗಲಿಯಲ್ಲಿ ಕುಳಿತದ್ದಾಯಿತು. ಟೀಚರು ಕೇಳಿದ್ದನ್ನು ಮಗಳು ಓಡಿ ಬಂದು ಕೆಳಗೆ ಹೇಳುವುದು, ಕೆಳಗಿನ ಉತ್ತರವನ್ನು ಓಡಿಕೊಂಡು ಮೇಲೆ ಒಯ್ಯುವುದು. ಪ್ರಗತಿ ಪತ್ರಕ್ಕೆ ಸಹಿ ಹಾಕಿಸಲೂ ಅವಳೇ ಬಂದಳು. ರಾತ್ರಿ ಊಟಕ್ಕೆ ಕುಳಿತಾಗ, "ಪಪ್ಪಾ, ಇನ್ನು ಮೀಟಿಂಗಿಗೆ ಮಮ್ಮಿ ಮಾತ್ರ ಬಂದರೆ ಸಾಕಲ್ಲ?" ಎಂದಳು. ಅದು ನಾಚಿಕೆಯೋ, ಪಪ್ಪನಿಗೆ ಕಷ್ಟವಾಗಬಾರದೆಂಬ ಪ್ರೀತಿಯೋ ನಮಗೆ ಇಂದಿಗೂ ಗೊತ್ತಿಲ್ಲ. ಕೇಳುವ ಧೈರ್ಯ ಬರಲಿಲ್ಲ.

ಅಲ್ಲಿಂದ ನಮ್ಮ ಅಭಿಪ್ರಾಯ ಬದಲಾಯಿತು. ಕನಿಕರದಿಂದ ಒಬ್ಬರ ಕೆಲಸವನ್ನು ತೆಗೆದುಕೊಳ್ಳುವುದು ಬೇರೆ, ಅವರೇ ಆ ಕೆಲಸ ಮಾಡುವಂತೆ ದಾರಿ ಮಾಡಿಕೊಡುವುದು ಬೇರೆ. ಮೊದಲನೆಯದು ಸುಲಭ. ಬೇಕಾದದ್ದು ಎರಡನೆಯದು.

ಮನೆಯಿಂದಲೇ ಆರಂಭಿಸಿದೆವು. ಸಂಕದ ಜಾಗಕ್ಕೆ ಎರಡು ಕಾಂಕ್ರೀಟ್ ಹಲಗೆ ಹಾಕಿ ಒಂದು ಬದಿಗೆ ಕಬ್ಬಿಣದ ಪೈಪು ನಿಲ್ಲಿಸಿದೆವು. ಮೆಟ್ಟಲಿನ ಬದಿಗೆ ಇಳಿಜಾರು ಮಾಡಿದೆವು. ಇಳಿಜಾರಿಗೆ ಒಂದು ಲೆಕ್ಕವಿದೆ: ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಅದಕ್ಕಿಂತ ಕಡಿದಾದರೆ ಮಳೆಯಲ್ಲಿ ಊರುಗೋಲು ಜಾರುತ್ತದೆ. ರಸ್ತೆ ಬದಿಯಲ್ಲಿ ಒಂದು ಸಣ್ಣ ಮಾಡು ಕಟ್ಟಿ, ಎರಡು ಬದಿಗೂ ಚಕ್ರ ಇರಿಸಿದ ಸ್ಕೂಟರನ್ನು ಅಲ್ಲಿ ನಿಲ್ಲಿಸುತ್ತೇವೆ. ಮಗಳು ಯಾವಾಗಲೂ ಮುಂದೆ ನಡೆಯಬೇಕು, ಕಣ್ಣಿಗೆ ಕಾಣುವಂತೆ. ರಸ್ತೆ ಬಂದಲ್ಲಿ ನಿಂತು ಪಪ್ಪನ ರೈನ್‌ಕೋಟಿನ ಪಟ್ಟಿ ಹಿಡಿಯಬೇಕು. ಈ ನಿಯಮವನ್ನು ಅವಳು ಒಂದು ದಿನವೂ ತಪ್ಪಿಸಿಲ್ಲ.

ಇಂಥ ಸ್ಕೂಟರ್ ಇಟ್ಟುಕೊಳ್ಳುವವರು ಒಂದು ವಿಷಯ ಗಮನಿಸಬೇಕು. ಚಕ್ರ ಇರಿಸಿದ ಮೇಲೆ ಆ ಬದಲಾವಣೆಯನ್ನು ಆರ್‌.ಟಿ.ಓ. ಕಚೇರಿಯಲ್ಲಿ ಆರ್‌.ಸಿ.ಯಲ್ಲಿ ಬರೆಸಿಕೊಳ್ಳಬೇಕು. ಲೈಸೆನ್ಸು ಕೂಡ ಆ ಬಗೆಯ ವಾಹನಕ್ಕೆ ಇರಬೇಕು. ಹಾಗೆ ಮಾಡದಿದ್ದರೆ ಅಪಘಾತವಾದಾಗ ವಿಮೆಯ ತಕರಾರು ಬರುತ್ತದೆ.

ಅನಂತರ ಶಾಲೆಗೆ ಒಂದು ಪತ್ರ ಬರೆದೆವು. ಕೇಳಿದ್ದು ಮೂರೇ. ಸಭೆ ಕೆಳಗಿನ ಕೋಣೆಯಲ್ಲಿ ಆಗಲಿ. ಸ್ಕೂಟರನ್ನು ಗೇಟಿನೊಳಗೆ ಜಗಲಿಯ ತನಕ ಬಿಡಲಿ. ಜಗಲಿಯ ಎರಡು ಮೆಟ್ಟಲಿಗೆ ಒಂದು ಇಳಿಜಾರು ಆಗಲಿ. ಮೊದಲಿನ ಎರಡು ಅದೇ ವಾರ ಆದವು. ಅದಕ್ಕೆ ಒಂದು ಪೈಸೆ ಖರ್ಚಿಲ್ಲ. ಅಷ್ಟು ದಿನ ಯಾರೂ ಕೇಳಿರಲಿಲ್ಲ, ಅಷ್ಟೇ. ಮೂರನೆಯದು ರಜೆ ಕಳೆದ ಮೇಲೆ ಆಯಿತು. ಈಗ ಆ ಇಳಿಜಾರನ್ನು ನಮಗಿಂತ ಹೆಚ್ಚು ಬಳಸುವವರು ಬಿಸಿಯೂಟದ ಅಕ್ಕಿ ಗೋಣಿ ಒಳಗೆ ತರುವವರು.

ಕಾನೂನು ಏನು ಹೇಳುತ್ತದೆ ಎಂದು ಕೆಲವರು ಕೇಳಿದ್ದಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವಿಕಲತೆಗಳನ್ನು ಗುರುತಿಸಿದೆ. ಸರಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆಗಳ ಕಟ್ಟಡ, ಆವರಣ ಎಲ್ಲರಿಗೂ ಎಟಕುವಂತಿರಬೇಕೆಂದು ಅದರ 16ನೆಯ ಕಲಮು ಹೇಳುತ್ತದೆ. ಅಂಗವಿಕಲ ಮಗುವಿಗೆ ವಾಹನ ಸೌಕರ್ಯದ ಮಾತೂ ಅಲ್ಲಿದೆ. ಆದರೆ ಮಗು ಗಟ್ಟಿಯಾಗಿದ್ದು ಅದನ್ನು ಕರೆತರುವ ತಂದೆಯೋ ತಾಯಿಯೋ ಅಂಗವಿಕಲರಾದರೆ? ಆ ಕಲಮಿನಲ್ಲಿ ಅವರ ಹೆಸರಿಲ್ಲ. ಅಂಗವಿಕಲ ಎಂದೊಡನೆ ಎಲ್ಲರ ಕಣ್ಣಿಗೆ ಬರುವುದು ಮಗು ಅಥವಾ ಭಿಕ್ಷುಕ. ಮಕ್ಕಳ ಬ್ಯಾಗು ಹಿಡಿದು ಗೇಟಿನಲ್ಲಿ ಕಾಯುವ ಹೆತ್ತವರು ಬರುವುದಿಲ್ಲ.

ಆದರೆ ಅಂಥವರು ನಮ್ಮ ನಡುವೆ ಬೇಕಾದಷ್ಟು ಮಂದಿ ಇದ್ದಾರೆ. ಭಾರತದಲ್ಲಿ ಕಾಡು ಪೋಲಿಯೋದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. ಅದಕ್ಕೆ ಮೊದಲು ಕಾಲು ಸೋತ ಮಕ್ಕಳು ಇಂದು ಶಾಲೆಗೆ ಹೋಗುವ ಮಕ್ಕಳ ತಂದೆ ತಾಯಿಯರು. ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದ ವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ನಾಡು ನಮ್ಮದು. ಆಗಿನ ಮಕ್ಕಳೂ ಈಗ ಹೆತ್ತವರ ವಯಸ್ಸಿಗೆ ಬಂದಿದ್ದಾರೆ. ಅಡಿಕೆ, ತೆಂಗಿನ ಮರದಿಂದ ಬಿದ್ದವರಂತೂ ಯಾವ ವಾಡೆಯಲ್ಲಿಯೂ ಸಿಗುತ್ತಾರೆ.

ಅಂಥವರ ಆರೋಗ್ಯಕ್ಕೆ ಎರಡು ಮಾತು. ಕಂಕುಳಿನ ಊರುಗೋಲಾದರೆ ಮೇಲ್ತುದಿಗೂ ಕಂಕುಳಿಗೂ ಎರಡು ಮೂರು ಬೆರಳಿನ ಅಂತರ ಇರಬೇಕು, ಭಾರ ಅಂಗೈಯ ಮೇಲೆ ಬೀಳಬೇಕು. ಕಂಕುಳಿನ ಮೇಲೆ ಭಾರ ಹಾಕಿದರೆ ನರ ಒತ್ತಿ ಕೈ ಜೋಮು ಹಿಡಿಯುತ್ತದೆ. ತುದಿಯ ರಬ್ಬರು ಸವೆದದ್ದನ್ನು ಮಳೆ ಆರಂಭಕ್ಕೆ ಮೊದಲೇ ಬದಲಾಯಿಸಿರಿ. ಸ್ಪರ್ಶ ಕಡಿಮೆಯಾದ ಕಾಲಿಗೆ ಒದ್ದೆ ಪಟ್ಟಿ ಉಜ್ಜಿ ಗಾಯವಾದರೂ ತಿಳಿಯುವುದಿಲ್ಲ. ಆದುದರಿಂದ ದಿನಾ ಸಂಜೆ ಕಾಲು ಒರೆಸಿ, ಕಣ್ಣಿನಿಂದಲೇ ನೋಡಿಕೊಳ್ಳಬೇಕು, ಹಿಮ್ಮಡಿಗೆ ಕನ್ನಡಿ ಹಿಡಿಯಬೇಕು. ಅಂಗವಿಕಲತೆಯ ಸರ್ಟಿಫಿಕೇಟು ಮತ್ತು ಯು.ಡಿ.ಐ.ಡಿ. ಕಾರ್ಡು ಇನ್ನೂ ಮಾಡಿಸದವರು ಅಕ್ಷಯ ಕೇಂದ್ರಕ್ಕೆ ಹೋಗಿ ಅರ್ಜಿ ಹಾಕಿರಿ. ಹೆಚ್ಚಿನ ಸೌಲಭ್ಯಗಳಿಗೆ ಶೇಕಡಾ 40ರ ದಾಖಲೆ ಬೇಕಾಗುತ್ತದೆ.

ಉಳಿದ ರೈತ ಬಂಧುಗಳಲ್ಲಿ ನಮ್ಮ ಬಿನ್ನಹ ಇಷ್ಟು. ನಿಮ್ಮ ಮಕ್ಕಳ ಶಾಲೆಯ ರಕ್ಷಕ-ಶಿಕ್ಷಕ ಸಭೆಯಲ್ಲಿ ಒಮ್ಮೆ ಎದ್ದು ನಿಂತು ಕೇಳಿರಿ: ಸಭೆಗೆ ಬಾರದ ಹೆತ್ತವರು ಯಾರು, ಯಾಕೆ ಬರುವುದಿಲ್ಲ? ನೆರೆಯವರಿಗೆ ಸಹಾಯ ಮಾಡುವ ಮೊದಲು, "ನಿಮಗೆ ಏನಾದರೆ ಅನುಕೂಲ?" ಎಂದು ಒಂದು ಮಾತು ಕೇಳಿರಿ. ಜೋರು ಮಳೆಯ ದಿನ ನಮ್ಮ ಮಗಳು ಇಂದಿಗೂ ನೆರೆಮನೆಯ ಜೀಪಿನಲ್ಲಿ ಹೋಗುತ್ತಾಳೆ. ಆದರೆ ಆ ದಿನ ಯಾವುದೆಂದು ಈಗ ನಾವು ಹೇಳುತ್ತೇವೆ.

ಕೊನೆಯದಾಗಿ, ಅನುಕೂಲ ಇದ್ದವರು ಕೊಯ್ಲಿಗೂ ಮದ್ದಿಗೂ ಕಾರ್ಬನ್ ಫೈಬರ್ ದೋಟಿ ಬಳಸಿರಿ. ನೆಲದಲ್ಲಿ ನಿಂತೇ ಕೆಲಸ ಆಗುತ್ತದೆ. ದುಬಾರಿಯಾದರೆ ನಾಲ್ಕು ಮನೆಯವರು ಸೇರಿ ಒಂದು ತೆಗೆದುಕೊಳ್ಳಿರಿ. ಕಳೆದ ತಿಂಗಳ ಸಭೆಯಲ್ಲಿ ಕೆಳಗಿನ ಕೋಣೆಯ ಮುಂದಿನ ಬೆಂಚಿನಲ್ಲಿ ಒಬ್ಬ ತಂದೆ ಕುಳಿತಿದ್ದರು, ಮಗಳು ಪಕ್ಕದಲ್ಲಿ ಊರುಗೋಲು ಹಿಡಿದುಕೊಂಡು ನಿಂತಿದ್ದಳು. ಅಂಥ ಬೆಂಚು ಎಲ್ಲ ಶಾಲೆಯಲ್ಲಿಯೂ ಇರಲಿ. ಅದರಲ್ಲಿ ಕೂರಬೇಕಾದ ಕೃಷಿಕರ ಸಂಖ್ಯೆ ಮಾತ್ರ ಇನ್ನು ಹೆಚ್ಚದಿರಲಿ.