ಕುಣಿಯಲು ಬಿಟ್ಟರು, ನೆಲ ಬಿಟ್ಟರೇ?



2010ರಲ್ಲಿ ಕೆನಡಾದ ವ್ಯಾಂಕೋವರ್‌ನಲ್ಲಿ ಚಳಿಗಾಲದ ಒಲಿಂಪಿಕ್ಸ್ ಶುರುವಾದಾಗ ಆ ದೇಶದ ಮೂಲನಿವಾಸಿಗಳು ನೂರಾರು ಮಂದಿ ಕುಣಿದರು. ಲೋಕವೆಲ್ಲ ಚಪ್ಪಾಳೆ ತಟ್ಟಿತು. ಸಾಯುತ್ತಿದ್ದ ಕಲೆ ಮತ್ತೆ ಬದುಕಿತು ಅನ್ನೋರಿಗೆ ನಮ್ಮದೊಂದು ಪ್ರಶ್ನೆ: ಅದೇನು ತಾನಾಗಿ ಸಾಯುತ್ತಿತ್ತೇ?

ಅದೇ ಪಡುವಣ ಕರಾವಳಿಯ ಕ್ವಕ್ವಕವಾಕ್ವ್ ಜನಕ್ಕೆ ಪಾಟ್‌ಲ್ಯಾಚ್ ಅಂತ ಒಂದು ಕೂಟವಿದೆ. ಮದುವೆ, ಸಾವು, ಹೆಸರಿಡುವುದು, ಯಾವ ಹಕ್ಕು ಯಾರದು, ಎಲ್ಲ ಅಲ್ಲೇ ಇತ್ಯರ್ಥ. ಮುಖವಾಡ ಹಾಕಿ ಕುಣಿಯುತ್ತಾರೆ, ಬಂದವರಿಗೆಲ್ಲ ಉಡುಗೊರೆ ಹಂಚುತ್ತಾರೆ; ತೆಗೆದುಕೊಂಡವರೇ ಸಾಕ್ಷಿ. ಅದೇ ಅವರ ಕೋರ್ಟು, ಅದೇ ಪಹಣಿ. ಕೂಡಿಟ್ಟವನಲ್ಲ, ಹಂಚಿದವನೇ ದೊಡ್ಡವನು ಎಂಬ ಪದ್ಧತಿ ಪಾದ್ರಿಗೂ ಅಧಿಕಾರಿಗೂ ಹೇಗೆ ಸಹ್ಯವಾದೀತು? 1885ರಿಂದ ಅದು ಅಪರಾಧವಾಯ್ತು.

1921ರ ಕ್ರಿಸ್‌ಮಸ್ ಹೊತ್ತಿನಲ್ಲಿ ಅವರ ವಿಲೇಜ್ ಐಲ್ಯಾಂಡ್ ಎಂಬ ದ್ವೀಪದಲ್ಲಿ ಕದ್ದು ಕೂಟ ನಡೆಸಿದರು. 45 ಮಂದಿಯನ್ನು ಹಿಡಿದರು. ಮಾಡಿದ ತಪ್ಪೇನು? ಭಾಷಣ ಮಾಡಿದ್ದು, ಕುಣಿದದ್ದು, ಉಡುಗೊರೆ ಹೊತ್ತದ್ದು! ಮುಖವಾಡ ಒಪ್ಪಿಸಿ, ಇಲ್ಲಾ ಜೈಲಿಗೆ ನಡೀರಿ ಅಂದರು. ಸುಮಾರು 20 ಮಂದಿ ಜೈಲಿಗೆ ಹೋದರು. ಮುಖವಾಡಗಳು ಮ್ಯೂಸಿಯಮ್ಮುಗಳ ಪಾಲಾದವು. 1927ರಲ್ಲಿ ಇನ್ನೊಂದು ಕಾನೂನು: ನೆಲಕ್ಕಾಗಿ ದಾವೆ ಹೂಡಲು ಸರ್ಕಾರದ ಅಪ್ಪಣೆಯಿಲ್ಲದೆ ದುಡ್ಡು ಎತ್ತುವುದೂ ಅಪರಾಧ. ಎರಡೂ ರದ್ದಾದದ್ದು ಒಂದೇ ವರ್ಷ, 1951. ಕುಣಿತ ಬೇರೆ, ನೆಲ ಬೇರೆ ಅಂತ ನಮಗೆ ಪಾಠ ಹೇಳುವವರು ಇದನ್ನು ನೋಡಲಿ.

ಮುಖವಾಡ ವಾಪಸ್ಸು ಕೊಡುವಾಗಲೂ ಷರತ್ತು, ಮ್ಯೂಸಿಯಂ ಕಟ್ಟಿದರೆ ಮಾತ್ರ! ಕದ್ದವನೇ ಮನೆಗೆ ಬೀಗ ಹಾಕ್ಕೊಳ್ಳಿ ಅಂತ ಬುದ್ಧಿ ಹೇಳಿದ ಹಾಗೆ. ಅಲರ್ಟ್ ಬೇ ಊರಿನಲ್ಲಿ 1980ರಲ್ಲಿ ಕಟ್ಟಿದರು. ಆದರೆ ಆ ಮುಖವಾಡಗಳನ್ನು ಗಾಜಿನ ಪೆಟ್ಟಿಗೆಯೊಳಗೆ ಇಡಲಿಲ್ಲ. ಇಷ್ಟು ದಿನದ ಸೆರೆ ಸಾಕು ಅಂದರು. ಭಲೇ!

ಕುಣಿತವೇನೋ ಬಂತು. ಅವರಿರುವ ಬ್ರಿಟಿಷ್ ಕೊಲಂಬಿಯಾದ ಬಹುಪಾಲು ನೆಲವನ್ನು ಒಪ್ಪಂದವೇ ಇಲ್ಲದೆ ಕಿತ್ತುಕೊಂಡಿದ್ದರಲ್ಲ, ಅದು ಎಲ್ಲಿ ಬಂತು?

ನಮ್ಮ ಕಥೆ ತಿರುಗಾಮುರುಗಾ. ಅವರು ಕುಣಿದರೆ ಜೈಲು; ನಾವು ಊರವರ ಹೆಣದ ಮುಂದೆ ತಮಟೆ ಬಡಿಯಲ್ಲ ಅಂದರೆ ಬಹಿಷ್ಕಾರ. ಈಗ ಅದೇ ತಮಟೆ 'ಜಾನಪದ ಕಲೆ' ಆಗಿ ಮೆರವಣಿಗೆಗೆ ಬೇಕು. ಬಡೀರಿ ಅನ್ನೋರೂ ಅವರೇ, ಬಹುಮಾನ ಕೊಡೋರೂ ಅವರೇ. ಉತ್ಸವ ಸಮಿತಿಯವರು ತಂಡ ಕೇಳಿಕೊಂಡು ಕೇರಿಗೆ ಬಂದರೆ, ಕೂಲಿ ಎಷ್ಟು ಅನ್ನೋದಕ್ಕೆ ಮುಂಚೆ, ನಮ್ಮ ಹೆಣ ಹೂಳೋಕೆ ಜಾಗ ಎಲ್ಲಿ ತೋರಿಸ್ತೀರಿ ಅಂತ ಕೇಳಿ.