ಎಂಜಿನ್ ದೊಡ್ಡದಾದರೆ ಸಾಕೇ?

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಕಳಸದ ಕಡೆಯ ಕಾಫಿ ತೋಟವೊಂದರ ರೈಟರು ಮಗನನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಹುಡುಗ ಹೈಸ್ಕೂಲಿನಲ್ಲಿ ನನ್ನ ಶಿಷ್ಯ. ಈಗ ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದಾನೆ. ಇಬ್ಬರೂ ಬಂದದ್ದು ಹಳೆಯ ಜಿಪ್ಸಿಯಲ್ಲಿ. ತೋಟದ ಸಾಹುಕಾರರು ಉಪಯೋಗಿಸಿ ಬಿಟ್ಟದ್ದನ್ನು ರೈಟರಿಗೆ ಕೊಟ್ಟಿದ್ದರಂತೆ.

"ನೀವೇ ಬುದ್ಧಿ ಹೇಳಿ ಮೇಷ್ಟ್ರೇ. ಇದರ ಎಂಜಿನ್ ಇಳಿಸಿ ಎಸ್ಟೀಮ್ ಕಾರಿನ ಎಂಜಿನ್ ಕೂರಿಸಬೇಕಂತೆ. ರೇಸಿಗೆ ಹೋಗ್ತಾನಂತೆ. ಇವನಮ್ಮ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ" ಎಂದರು ರೈಟರು.

ಹುಡುಗ ತಲೆ ತಗ್ಗಿಸಲಿಲ್ಲ. "ಕಂಪನಿಯವರೇ ಮಾಡಿದ್ದಾರಲ್ಲ ಸಾರ್?" ಎಂದು ನನ್ನನ್ನೇ ಕೇಳಿದ.

ಅವನ ಮಾತು ಸುಳ್ಳಲ್ಲ. 1985ರ ಕೊನೆಯಲ್ಲಿ ಮಾರುತಿ ಜಿಪ್ಸಿ ಬಂದಾಗ ಅದರಲ್ಲಿದ್ದದ್ದು 970 ಸಿ.ಸಿ. ಎಂಜಿನ್, ಸುಮಾರು 45 ಅಶ್ವಶಕ್ತಿ. 1996ರಲ್ಲಿ ಅದೇ ಗಾಡಿಗೆ ಎಸ್ಟೀಮ್‌ನ ಕುಲದ 1298 ಸಿ.ಸಿ. ಎಂಜಿನ್ ಬಂತು, ಅಶ್ವಶಕ್ತಿ 60 ಆಯಿತು. 2000ದಲ್ಲಿ ಅದು 80ಕ್ಕೆ ಏರಿತು. ಆದರೆ ಕಂಪನಿಯವರು ಎಂಜಿನ್ ಒಂದನ್ನೇ ಬದಲಿಸಿ ಕೈ ತೊಳೆದುಕೊಳ್ಳಲಿಲ್ಲ. ಎಡಬಲ ಚಕ್ರಗಳ ನಡುವಿನ ಅಗಲವನ್ನು 1993ರಲ್ಲೇ ಹೆಚ್ಚಿಸಿದ್ದರು. ದೊಡ್ಡ ಎಂಜಿನ್ನಿನ ಜೊತೆ ನಾಲ್ಕು ಗೇರಿನ ಬದಲು ಐದು ಗೇರಿನ ಪೆಟ್ಟಿಗೆ ಬಂತು. ಮುಂದೆ ಬ್ರೇಕಿಗೆ ಬೂಸ್ಟರ್ ಸೇರಿತು.

ನಮ್ಮ ಜಿಲ್ಲೆಯ ಹುಡುಗರಿಗೆ ಈ ಹುಚ್ಚು ಹೊಸದಲ್ಲ. ಕಾಫಿ ತೋಟಗಳ ಮಣ್ಣು ರಸ್ತೆಗಳಲ್ಲಿ ರ‍್ಯಾಲಿಗಳು ನಡೆಯುತ್ತವೆ. ಬಯಲಿನಲ್ಲಿ ದಾರಿ ಗುರುತು ಮಾಡಿ ಒಂದೊಂದೇ ಗಾಡಿಯನ್ನು ಗಡಿಯಾರಕ್ಕೆ ಎದುರಾಗಿ ಓಡಿಸುವ ಆಟೊಕ್ರಾಸ್ ಕೂಡ ಇದೆ. ನಮ್ಮ ಹುಡುಗನ ಕಣ್ಣು ಆಟೊಕ್ರಾಸ್ ಮೇಲೆ.

ಬೈಯುವುದಕ್ಕಿಂತ ಲೆಕ್ಕ ಮಾಡುವುದು ಮೇಲು ಎಂದು ಕಾಗದ, ಪೆನ್ನು ತರಿಸಿದೆ. ಓದುಗ ವಿದ್ಯಾರ್ಥಿಗಳೂ ಜೊತೆಯಲ್ಲೇ ಮಾಡಬಹುದು.

ಎಂಜಿನ್ ಎಷ್ಟೇ ದೊಡ್ಡದಿರಲಿ, ಗಾಡಿಯನ್ನು ಮುಂದಕ್ಕೆ ತಳ್ಳುವುದು ಟೈರು ಮತ್ತು ನೆಲದ ನಡುವಿನ ಘರ್ಷಣೆ. ಜಿಪ್ಸಿಯ ರಾಶಿ ಸುಮಾರು 1000 ಕಿಲೋಗ್ರಾಂ. ಒಣಗಿ ಗಟ್ಟಿಯಾದ ಮಣ್ಣಿನಲ್ಲಿ ಘರ್ಷಣ ಗುಣಾಂಕ 0.5 ಎಂದಿಟ್ಟುಕೊಳ್ಳೋಣ. ಹಿಂದಿನ ಎರಡು ಚಕ್ರಗಳು ಮಾತ್ರ ತಳ್ಳುತ್ತಿವೆ, ಅವುಗಳ ಮೇಲೆ ಅರ್ಧ ತೂಕ ಇದೆ ಎಂದಾದರೆ, ನೆಲ ಕೊಡಬಲ್ಲ ಗರಿಷ್ಠ ಬಲ 500 x 9.8 x 0.5, ಅಂದರೆ 2450 ನ್ಯೂಟನ್. ಗಂಟೆಗೆ 36 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 10 ಮೀಟರ್. ಬಲವನ್ನು ವೇಗದಿಂದ ಗುಣಿಸಿದರೆ ಸಾಮರ್ಥ್ಯ: 24,500 ವಾಟ್. ಒಂದು ಅಶ್ವಶಕ್ತಿಗೆ 746 ವಾಟ್‌ನಂತೆ ಭಾಗಿಸಿ. ಬರುವುದು 33.

ಹುಡುಗ ಕಾಗದವನ್ನೇ ನೋಡುತ್ತ ಕುಳಿತ. ತಿರುವಿನಿಂದ ಹೊರಬರುವ ವೇಗದಲ್ಲಿ ಆ ಮಣ್ಣು 33 ಅಶ್ವಶಕ್ತಿಗಿಂತ ಹೆಚ್ಚನ್ನು ತೆಗೆದುಕೊಳ್ಳುವುದೇ ಇಲ್ಲ. ಗೇರು, ಆಕ್ಸಲುಗಳಲ್ಲಿ ಸ್ವಲ್ಪ ಸೋರಿಹೋಗುತ್ತದೆ ಎಂದುಕೊಂಡರೂ ಹಳೆಯ ಎಂಜಿನ್ನಿನ 45ರಲ್ಲೇ ಮಿಗುತ್ತದೆ. ಅಲ್ಲಿಗೆ 60, 80 ತಂದು ಸುರಿದರೆ ಆಗುವುದು ಚಕ್ರ ತಿರುಗಿ ಧೂಳು ಹಾರುವುದು ಅಷ್ಟೇ. ನೋಡುವವರಿಗೆ ಚಂದ, ಗಡಿಯಾರಕ್ಕೆ ಅಲ್ಲ. ನಾಲ್ಕೂ ಚಕ್ರಗಳಿಗೆ ಶಕ್ತಿ ಕೊಟ್ಟರೆ ಗಾಡಿಯ ಪೂರ್ತಿ ತೂಕ ಕೆಲಸಕ್ಕೆ ಬರುತ್ತದೆ. ಲೆಕ್ಕ 66ಕ್ಕೆ ಏರುತ್ತದೆ. ಮಳೆಗಾಲದಲ್ಲಿ ತೋಟದ ಜೀಪುಗಳ ಟೈರಿಗೆ ಕಬ್ಬಿಣದ ಸರಪಳಿ ಸುತ್ತುವುದನ್ನು ನಮ್ಮ ಕಡೆಯ ಮಕ್ಕಳೆಲ್ಲ ನೋಡಿದ್ದಾರೆ. ಸರಪಳಿಯಿಂದ ಎಂಜಿನ್ನಿಗೆ ಒಂದು ಅಶ್ವಶಕ್ತಿಯೂ ಸೇರುವುದಿಲ್ಲ. ಆದರೂ ಜೀಪು ಏರು ಹತ್ತುತ್ತದೆ.

"72 ಕಿ.ಮೀ. ವೇಗದಲ್ಲಿ ಈ ಲೆಕ್ಕ ಎರಡರಷ್ಟಾಗುತ್ತದಲ್ಲ ಸಾರ್? ಅಲ್ಲಿ ದೊಡ್ಡ ಎಂಜಿನ್ ಬೇಕೇ ಬೇಕು" ಎಂದ ಹುಡುಗ. ಒಳ್ಳೆಯ ಪ್ರಶ್ನೆ, ನನಗೆ ಒಳಗೊಳಗೇ ಖುಷಿಯಾಯಿತು. ನೇರ ದಾರಿ ಉದ್ದವಿದ್ದರೆ ಅವನ ಮಾತೇ ಸರಿ. ಆದರೆ ಮುಂದಿನ ತಿರುವಿಗೆ ನಿಧಾನಿಸುವುದೂ ಅದೇ ಘರ್ಷಣೆಯಿಂದಲೇ. ಅದೇ ಮಣ್ಣಿನಲ್ಲಿ 36 ಕಿ.ಮೀ. ವೇಗದಿಂದ ನಿಲ್ಲಲು ಕನಿಷ್ಠ 10 ಮೀಟರ್ ಬೇಕು. 72ರಿಂದ ನಿಲ್ಲಲು ಬೇಕಾದದ್ದು 20 ಅಲ್ಲ, 41. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣ ಎಂದು ತರಗತಿಯಲ್ಲಿ ಬಾಯಿಪಾಠ ಮಾಡಿಸುತ್ತೇವೆ. ಚಾರ್ಮಾಡಿ ಘಾಟಿಯ ತಿರುವು ಅದನ್ನು ಬೇರೆ ರೀತಿಯಲ್ಲಿ ಕಲಿಸುತ್ತದೆ. ಆ ಶಕ್ತಿಯೆಲ್ಲ ಬ್ರೇಕಿನಲ್ಲಿ ಶಾಖವಾಗಿ ಕಳೆಯಬೇಕು. 45 ಅಶ್ವಶಕ್ತಿಯ ಕಾಲದ ಬ್ರೇಕು, ರೇಡಿಯೇಟರು, ಕ್ಲಚ್ಚು ಹಾಗೇ ಉಳಿದರೆ ಯಾವುದು ಮೊದಲು ಕೈಕೊಡುತ್ತದೆ ಎಂಬುದಷ್ಟೇ ಉಳಿಯುವ ಪ್ರಶ್ನೆ.

ಶಕ್ತಿಯ ಹಿಂದೆ ಬಿದ್ದ ರ‍್ಯಾಲಿ ಪ್ರಪಂಚ ಇದಕ್ಕೆ ದೊಡ್ಡ ಬೆಲೆಯನ್ನೇ ತೆತ್ತಿದೆ. 'ಗ್ರೂಪ್ ಬಿ' ಎಂಬ ವರ್ಗದ ಕಾರುಗಳು 400 ಅಶ್ವಶಕ್ತಿಯನ್ನೂ ದಾಟಿದ್ದ 1986ರಲ್ಲಿ, ಪೋರ್ಚುಗಲ್‌ನಲ್ಲಿ ಕಾರೊಂದು ಜನರ ಮೇಲೆ ನುಗ್ಗಿ ಪ್ರೇಕ್ಷಕರು ಸತ್ತರು. ಅದೇ ವರ್ಷ ಮೇ ತಿಂಗಳಲ್ಲಿ ಕಾರ್ಸಿಕಾದಲ್ಲಿ ಹೆನ್ರಿ ಟೊಯ್ವೊನೆನ್ ಮತ್ತು ಸಹಚಾಲಕ ಸೆರ್ಜಿಯೊ ಕ್ರೆಸ್ಟೊ ಇದ್ದ ಲಾನ್ಸಿಯಾ ಕಾರು ರಸ್ತೆ ಬಿಟ್ಟು ಉರುಳಿ ಹೊತ್ತಿ ಉರಿಯಿತು, ಇಬ್ಬರೂ ಉಳಿಯಲಿಲ್ಲ. ಮರುವರ್ಷದಿಂದ ಆ ಕಾರುಗಳನ್ನು ವಿಶ್ವ ಚಾಂಪಿಯನ್‌ಷಿಪ್‌ನಿಂದ ಹೊರಗಿಟ್ಟರು.

2016 ಮತ್ತು 2017ರಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿಯ ಭಾರತದ ಸುತ್ತು ನಮ್ಮ ಚಿಕ್ಕಮಗಳೂರಿನಲ್ಲೇ ನಡೆಯಿತು. ಎರಡೂ ವರ್ಷ ಆ ಚಾಂಪಿಯನ್‌ಷಿಪ್ ಗೆದ್ದ ಗೌರವ್ ಗಿಲ್ ಓಡಿಸಿದ್ದು ಸ್ಕೋಡಾ ಫ್ಯಾಬಿಯಾ ಆರ್5. ಅದರ ಎಂಜಿನ್ ಕೇವಲ 1.6 ಲೀಟರಿನದು, ಆದರೆ ಟರ್ಬೊ ಇರುವುದು. ಅದಕ್ಕೂ ನಿಯಮದಲ್ಲಿ ಒಂದು ಕಡಿವಾಣವಿದೆ. ಎಂಜಿನ್ ಉಸಿರೆಳೆಯುವ ಗಾಳಿಯೆಲ್ಲ 32 ಮಿಲಿಮೀಟರ್ ವ್ಯಾಸದ ಒಂದು ತೂತಿನ ಮೂಲಕವೇ ಹೋಗಬೇಕು. ಗಾಳಿ ಇಷ್ಟೇ ಎಂದಮೇಲೆ ಉರಿಯುವ ಪೆಟ್ರೋಲೂ ಇಷ್ಟೇ. ಇದನ್ನು ಹೇಳಿದಾಗ ರೈಟರು, "ಅಂಥ ತೂತು ಇವನಿಗೂ ಒಂದು ಸಿಗುತ್ತದಾ ಮೇಷ್ಟ್ರೇ?" ಎಂದು ಮೊದಲ ಸಲ ನಕ್ಕರು.

ಕಾನೂನಿನ ಮಾತನ್ನೂ ಆಡಿದೆ. ಎಂಜಿನ್ ನಂಬರು ಆರ್.ಸಿ. ಪುಸ್ತಕದಲ್ಲಿರುತ್ತದೆ. ಕಂಪನಿ ಕೊಟ್ಟ ವಿವರಕ್ಕೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಇಂಥ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಮೈದಾನದಲ್ಲಿ ಓಡಿಸಿದ ಗಾಡಿಯಲ್ಲೇ ಮನೆಗೆ ಬರುತ್ತೇನೆ ಎನ್ನುವ ಯೋಚನೆ ಹಾಗಾಗಿ ಅಲ್ಲೇ ಬಿತ್ತು. ಇನ್ನೊಂದು ವಿಷಯ ಹುಡುಗನಿಗೇ ಗೊತ್ತಿತ್ತು, ಅಪ್ಪನಿಗೆ ಹೇಳಿರಲಿಲ್ಲ: ಸ್ಪರ್ಧೆಯಲ್ಲಿ ವರ್ಗ ವಿಂಗಡಿಸುವುದು ಸಿ.ಸಿ. ನೋಡಿ. ದೊಡ್ಡ ಎಂಜಿನ್ ಹಾಕಿದರೆ ಎದುರಾಳಿಗಳೂ ದೊಡ್ಡವರೇ ಸಿಗುತ್ತಾರೆ.

"ಮೊದಲು ಒಂದು ಪ್ರಯೋಗ ಮಾಡಿ ಬಾ, ಆಮೇಲೆ ಎಂಜಿನ್ ಮಾತಾಡೋಣ" ಎಂದು ಕಳಿಸಿದೆ.

ಎರಡು ವಾರ ಬಿಟ್ಟು ಬಂದ. ತೋಟದೊಳಗಿನ ಸಮತಟ್ಟಾದ ಮಣ್ಣು ರಸ್ತೆಯಲ್ಲಿ ಸುಣ್ಣದ ಗೆರೆ ಎಳೆದು, 36 ಕಿ.ಮೀ. ವೇಗದಲ್ಲಿ ಬಂದು ಗೆರೆಯ ಮೇಲೆ ಬ್ರೇಕ್ ಒತ್ತಿದ್ದಾನೆ. ಟೇಪು ಹಿಡಿದು ಅಳೆದವರು ಅಪ್ಪ. ಐದು ಸಲದ ಸರಾಸರಿ 17 ಮೀಟರ್! ಬರೀ 10 ಮೀಟರಿನಲ್ಲಿ ನಿಲ್ಲಬೇಕಿದ್ದ ಗಾಡಿ. ಬಿಚ್ಚಿ ನೋಡಿದರೆ ಹಿಂದಿನ ಒಂದು ಡ್ರಮ್ಮಿನೊಳಗೆ ಎಣ್ಣೆ ಸೋರಿತ್ತು, ಲೈನಿಂಗ್ ಸವೆದಿತ್ತು. ಇಷ್ಟು ದಿನ ಅದೇ ಗಾಡಿಯಲ್ಲಿ ಅವನ ತಂಗಿ ಕಳಸಕ್ಕೆ ಶಾಲೆಗೆ ಹೋಗಿಬರುತ್ತಿದ್ದಳು.

ಜಿಪ್ಸಿ ಈಗ ಅವರ ಮನೆಯ ಹಿಂದಿನ ಶೆಡ್ಡಿನಲ್ಲಿ ಇಟ್ಟಿಗೆಯ ಮೇಲೆ ನಿಂತಿದೆ. ನಾಲ್ಕೂ ಚಕ್ರ ಬಿಚ್ಚಿದ್ದಾರೆ. ಎಂಜಿನ್ ಹಳೆಯದೇ ಇದೆ.